ಶಾಲೆಯಿಂದ ಚೀಫ್ ಹುದ್ದೆಗೆ, ಮತ್ತೆ ಶಾಲೆಗೆ: ಜಾಯ್ಸ್ ಡುಗನ್ ನಡೆದ ಹಾದಿ ಮತ್ತು ಚೆರೋಕಿ ಮಕ್ಕಳ ಓದು

1995ರಲ್ಲಿ ಅಮೆರಿಕದ ನಾರ್ತ್ ಕೆರೊಲೈನಾ ರಾಜ್ಯದ ಪಶ್ಚಿಮದ ಬೆಟ್ಟಗಳಲ್ಲಿರುವ ಚೆರೋಕಿ ಜನ ಮೊದಲ ಸಲ ಒಬ್ಬ ಹೆಣ್ಣುಮಗಳನ್ನು ತಮ್ಮ ಪ್ರಿನ್ಸಿಪಲ್ ಚೀಫ್ ಆಗಿ ಆರಿಸಿದರು. ಅವರ ಹೆಸರು ಜಾಯ್ಸ್ ಕಾನ್ಸೀನ್ ಡುಗನ್. ಚೀಫ್ ಅಂದ ಕೂಡಲೇ ಸಿನಿಮಾದಲ್ಲಿ ನೋಡಿದ ಗರಿಯ ಕಿರೀಟ ಕಣ್ಣ ಮುಂದೆ ಬರುತ್ತದೆ, ಅಲ್ವಾ? ಅದನ್ನು ಪಕ್ಕಕ್ಕಿಡಿ. ಇದು ಮತ ಹಾಕಿ ಆರಿಸುವ ಹುದ್ದೆ. ಸ್ವಂತ ಕೌನ್ಸಿಲ್, ಸ್ವಂತ ಪೊಲೀಸ್, ಕೋರ್ಟು, ಆಸ್ಪತ್ರೆ, ಬಜೆಟ್ ಎಲ್ಲ ಇರುವ ಒಂದು ಸರ್ಕಾರದ ಮುಖ್ಯಸ್ಥರ ಹುದ್ದೆ. ಅಲ್ಲಿಗೆ ಬರುವ ಮುಂಚೆ ಡುಗನ್ ಮಾಡುತ್ತಿದ್ದದ್ದು ಶಾಲೆಯ ಕೆಲಸ. ಮೊದಲು ಟೀಚರ್ ಆಗಿದ್ದರು, ಆಮೇಲೆ ಬುಡಕಟ್ಟಿನ ಶಾಲೆಗಳ ಆಡಳಿತ ನೋಡಿಕೊಂಡರು. ಚೀಫ್ ಹುದ್ದೆ ಹೋದ ಕೆಲವು ವರ್ಷಗಳ ಮೇಲೆ ಅವರು ಮತ್ತೆ ಬಂದದ್ದೂ ಅದೇ ಶಾಲೆಗಳಿಗೆ.

ಈ ಹಾದಿಯನ್ನು ಈಗ ನೋಡಬೇಕಾಗಿದೆ. ಅಮೆರಿಕದ ಮೂಲನಿವಾಸಿ ಮಕ್ಕಳ ಓದಿನ ಹೊಣೆ ಯಾರದು ಎಂಬ ಪ್ರಶ್ನೆ 2025ರಲ್ಲಿ ಮತ್ತೆ ಬಿಸಿಯಾಯಿತು. ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರದ ಸಿಬ್ಬಂದಿ ಕಡಿತದ ಏಟು ಮೂಲನಿವಾಸಿ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರವೇ ನಡೆಸುವ, ಕಾನ್ಸಸ್‌ನ ಹ್ಯಾಸ್ಕೆಲ್ ಇಂಡಿಯನ್ ನೇಷನ್ಸ್ ಯೂನಿವರ್ಸಿಟಿಗೂ ಬಿತ್ತು. ಪಾಠ ಮಾಡುವವರನ್ನೂ ಕೆಲಸದಿಂದ ತೆಗೆದರು. ಬುಡಕಟ್ಟುಗಳು ಮತ್ತು ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಕೇಂದ್ರ ಶಿಕ್ಷಣ ಇಲಾಖೆಯನ್ನೇ ಮುಚ್ಚುವ ಕಡೆಗೆ ಹೆಜ್ಜೆ ಇಡುವ ಆದೇಶಕ್ಕೆ ಸಹಿ ಹಾಕಿದರು. ನವೆಂಬರ್‌ನಲ್ಲಿ ಆ ಇಲಾಖೆ ನಡೆಸುತ್ತಿದ್ದ ಮೂಲನಿವಾಸಿ ಶಿಕ್ಷಣದ ಕಾರ್ಯಕ್ರಮಗಳನ್ನು ನೆಲ, ಗಣಿ, ಕಾಡು ನೋಡಿಕೊಳ್ಳುವ ಇಂಟೀರಿಯರ್ ಇಲಾಖೆಗೆ ಸಾಗಿಸುವ ಒಪ್ಪಂದ ಹೊರಬಂತು. ನಮ್ಮನ್ನು ಒಂದು ಮಾತು ಕೇಳಲಿಲ್ಲ ಎಂದು ಬುಡಕಟ್ಟುಗಳ ಮುಖಂಡರು ಆಕ್ಷೇಪಿಸಿದರು.

ದೂರದಿಂದ ನೋಡಿದರೆ ಇದು ಕಡತ ಒಂದು ಆಫೀಸಿನಿಂದ ಇನ್ನೊಂದು ಆಫೀಸಿಗೆ ಹೋದ ಸುದ್ದಿ. ಡುಗನ್ ಅವರ ಕೆಲಸದ ಜೀವನವನ್ನು ಪಕ್ಕದಲ್ಲಿಟ್ಟು ನೋಡಿದರೆ ಅದು ಹಾಗೆ ಕಾಣುವುದಿಲ್ಲ. ಚೆರೋಕಿ ಜನ ಕಳೆದುಕೊಂಡ ಸ್ವಂತ ಆಡಳಿತವನ್ನು ಮತ್ತೆ ಕಟ್ಟಿಕೊಂಡ ಜಾಗಗಳಲ್ಲಿ ಶಾಲೆಗೆ ದೊಡ್ಡ ಪಾಲಿದೆ. ಟೀಚರನ್ನು ಯಾರು ನೇಮಿಸಬೇಕು, ಮಗು ಯಾವ ಭಾಷೆಯಲ್ಲಿ ಓದಬೇಕು, ಕಟ್ಟಡ ಎಲ್ಲಿ ಬರಬೇಕು ಎಂದು ತೀರ್ಮಾನಿಸುತ್ತಲೇ ಒಂದು ಜನ ರಾಜ್ಯಭಾರ ಕಲಿಯುತ್ತಾರೆ. ನನ್ನ ಮಟ್ಟಿಗೆ ಅವರ ಕಥೆಯ ತಿರುಳು ಇದು.

ಹಿನ್ನೆಲೆ ಸ್ವಲ್ಪ ಬೇಕು. ಚೆರೋಕಿಗಳ ಮೂಲ ನೆಲ ಅಪಲೇಚಿಯನ್ ಬೆಟ್ಟಗಳ ದಕ್ಷಿಣ ಭಾಗ. 1830ರ ಇಂಡಿಯನ್ ರಿಮೂವಲ್ ಕಾಯ್ದೆ ಬಂದ ಮೇಲೆ, 1838–39ರಲ್ಲಿ ಸೈನ್ಯ ಅವರನ್ನು ಹೊಡೆದು ಈಗಿನ ಓಕ್ಲಹೋಮಕ್ಕೆ ಅಟ್ಟಿತು. ಸುಮಾರು 16,000 ಜನ ಹೊರಟರು. ದಾರಿಯಲ್ಲಿ, ಶಿಬಿರಗಳಲ್ಲಿ ಸತ್ತವರು 4,000 ಎಂದು ಸಾಮಾನ್ಯವಾಗಿ ಅಂದಾಜು ಮಾಡುತ್ತಾರೆ. ಕೆಲವರು ಬೆಟ್ಟಗಳಲ್ಲೇ ಉಳಿದುಕೊಂಡರು. ಉಳಿದವರ ಮಕ್ಕಳು ಮೊಮ್ಮಕ್ಕಳೇ ಈಗಿನ ಈಸ್ಟರ್ನ್ ಬ್ಯಾಂಡ್ ಆಫ್ ಚೆರೋಕಿ ಇಂಡಿಯನ್ಸ್. ಅವರ ಈಗಿನ ನೆಲಕ್ಕೆ ಕ್ವಾಲಾ ಬೌಂಡರಿ ಎಂದು ಹೆಸರು, ಸುಮಾರು 57,000 ಎಕರೆ. ಇದನ್ನು ಅವರಿಗೆ ಯಾರೂ ದಾನ ಕೊಟ್ಟದ್ದಲ್ಲ. ದುಡ್ಡು ಕೊಟ್ಟು ತುಂಡು ತುಂಡಾಗಿ ಕೊಂಡುಕೊಂಡ ನೆಲ ಅದು. ಗ್ರೇಟ್ ಸ್ಮೋಕಿ ಮೌಂಟನ್ಸ್ ನ್ಯಾಷನಲ್ ಪಾರ್ಕ್‌ಗೆ ಅಂಟಿಕೊಂಡೇ ಇದೆ. ಶಾರ್ಲಟ್, ಅಟ್ಲಾಂಟಾ ಕಡೆ ಇರುವ ಕನ್ನಡಿಗರಲ್ಲಿ ಈ ಬೆಟ್ಟಗಳಿಗೆ ರಜೆಗೆ ಹೋದವರು ಚೆರೋಕಿ ಎಂಬ ಪಟ್ಟಣದ ರಸ್ತೆ ಬೋರ್ಡುಗಳಲ್ಲಿ ಇಂಗ್ಲಿಷಿನ ಜೊತೆಗೆ ಬೇರೆಯೇ ಒಂದು ಲಿಪಿಯನ್ನು ನೋಡಿರಬಹುದು. ಅದು ಸೆಕ್ವೋಯಾ ಎಂಬ ಚೆರೋಕಿ 1821ರ ಹೊತ್ತಿಗೆ ಪೂರ್ತಿ ಮಾಡಿದ ಲಿಪಿ.

ಈ ಜನಕ್ಕೆ ಶಾಲೆ ಹೊಸತಲ್ಲ. ಓಕ್ಲಹೋಮಕ್ಕೆ ಅಟ್ಟಿಸಿಕೊಂಡು ಹೋದ ಚೆರೋಕಿ ನೇಷನ್, ಅಲ್ಲಿ ತಲುಪಿ ಎರಡೇ ವರ್ಷಕ್ಕೆ, 1841ರಲ್ಲಿ, ತನ್ನದೇ ಸಾರ್ವಜನಿಕ ಶಾಲೆಗಳಿಗೆ ಕಾನೂನು ಮಾಡಿತು. 1851ರಲ್ಲಿ ಪಾರ್ಕ್ ಹಿಲ್ ಎಂಬಲ್ಲಿ ಹೆಣ್ಣುಮಕ್ಕಳಿಗೆ ಅಂತಲೇ ಒಂದು ಸೆಮಿನರಿ ತೆರೆಯಿತು. ಸತ್ತವರ ಲೆಕ್ಕ ಇನ್ನೂ ಮನಸ್ಸಿನಲ್ಲಿ ಹಸಿಯಾಗಿರುವಾಗ ಒಂದು ಜನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಇಟ್ಟಿಗೆ ಜೋಡಿಸುತ್ತಿದ್ದರು ಎಂಬುದನ್ನು ಓದುವಾಗ ನಾನು ಪ್ರತಿ ಸಲವೂ ಅಲ್ಲೇ ನಿಲ್ಲುತ್ತೇನೆ. ಅದರಲ್ಲಿ ಕೊರತೆಯೂ ಇತ್ತು. ಆ ಸೆಮಿನರಿ ಅಮೆರಿಕದ ಪೂರ್ವ ಕರಾವಳಿಯ ಕಾಲೇಜುಗಳ ಮಾದರಿಯಲ್ಲಿ ನಡೆಯಿತು, ಚೆರೋಕಿ ಭಾಷೆಗೆ ಅಲ್ಲಿ ಪಾಠದ ಜಾಗ ಇರಲಿಲ್ಲ. ಆದರೂ ಅದು ಅವರದೇ ಶಾಲೆ. ಅಲ್ಲಿಂದ ಬಂದ ರೇಚಲ್ ಕ್ಯಾರೊಲಿನ್ ಈಟನ್ ಮುಂದೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, 1920ರ ದಶಕದಲ್ಲಿ ಓಕ್ಲಹೋಮದ ರಾಜರ್ಸ್ ಕೌಂಟಿಯ ಶಾಲೆಗಳ ಸೂಪರಿಂಟೆಂಡೆಂಟ್ ಆದರು. 1898ರ ಕರ್ಟಿಸ್ ಕಾಯ್ದೆ ಈ ಶಾಲೆಗಳ ಹಿಡಿತವನ್ನು ಚೆರೋಕಿಗಳ ಕೈಯಿಂದ ಕಿತ್ತುಕೊಂಡಿತು. ಸೆಮಿನರಿಯ ಕಟ್ಟಡ ರಾಜ್ಯ ಸರ್ಕಾರದ ಕಾಲೇಜಾಯಿತು.

ಪೂರ್ವದಲ್ಲಿ ಉಳಿದವರ ಕಥೆ ಇನ್ನೂ ಕಷ್ಟದ್ದು. 1880ರ ದಶಕದಲ್ಲಿ ಅವರ ಶಾಲೆಗಳನ್ನು ಕ್ವೇಕರ್ ಎಂಬ ಕ್ರೈಸ್ತ ಪಂಥದವರು ನಡೆಸಿದರು. ಆಮೇಲೆ ಕೇಂದ್ರ ಸರ್ಕಾರ ವಹಿಸಿಕೊಂಡಿತು. ಬೋರ್ಡಿಂಗ್ ಶಾಲೆ ಬಂತು. ಚೆರೋಕಿಯಲ್ಲಿ ಮಾತಾಡಿದ ಮಕ್ಕಳಿಗೆ ಶಿಕ್ಷೆ ಕೊಡುತ್ತಿದ್ದರು, ಬಾಯಿಗೆ ಸೋಪು ಹಾಕಿ ತೊಳೆಸುತ್ತಿದ್ದರು. ಇದು ಒಂದು ಊರಿನ ಒಬ್ಬ ಕ್ರೂರ ಮೇಷ್ಟ್ರ ಕೆಲಸವಲ್ಲ, ದೇಶದ ನೀತಿ. ಇಂಟೀರಿಯರ್ ಇಲಾಖೆ 2024ರ ಜುಲೈನಲ್ಲಿ ಕೊಟ್ಟ ಕೊನೆಯ ವರದಿ 1819ರಿಂದ 1969ರವರೆಗೆ ಇಂಥ 417 ಬೋರ್ಡಿಂಗ್ ಶಾಲೆಗಳನ್ನು ಗುರುತಿಸಿದೆ. ಅಲ್ಲಿ ಕನಿಷ್ಠ 973 ಮಕ್ಕಳು ಸತ್ತದ್ದು ಖಚಿತವಾಗಿದೆ. ಅದೇ ಅಕ್ಟೋಬರ್ 25ರಂದು ಅಧ್ಯಕ್ಷ ಬೈಡನ್ ಅರಿಜೋನದ ಗಿಲಾ ರಿವರ್‌ನಲ್ಲಿ ನಿಂತು ದೇಶದ ಪರವಾಗಿ ಕ್ಷಮೆ ಕೇಳಿದರು. ಆ ಕ್ಷಮೆಗೂ, ಹ್ಯಾಸ್ಕೆಲ್‌ನ ಟೀಚರುಗಳು ಕೆಲಸ ಕಳೆದುಕೊಂಡದ್ದಕ್ಕೂ ನಡುವೆ ಇದ್ದ ಅಂತರ ನಾಲ್ಕು ತಿಂಗಳು.

ಬದಲಾವಣೆ ಶುರುವಾದದ್ದು 1975ರಲ್ಲಿ. ಆ ವರ್ಷ ಬಂದ ಕಾನೂನಿನ ಹೆಸರು ಇಂಡಿಯನ್ ಸೆಲ್ಫ್ ಡಿಟರ್ಮಿನೇಷನ್ ಅಂಡ್ ಎಜುಕೇಷನ್ ಅಸಿಸ್ಟೆನ್ಸ್ ಆಕ್ಟ್. ಉದ್ದದ ಹೆಸರು, ಆದರೆ ಒಳಗಿನ ಮಾತು ಸರಳ. ಕೇಂದ್ರ ಸರ್ಕಾರ ಬುಡಕಟ್ಟಿಗಾಗಿ ನಡೆಸುತ್ತಿರುವ ಕೆಲಸವನ್ನು, ಅದೇ ದುಡ್ಡಿನ ಸಮೇತ, ಬುಡಕಟ್ಟೇ ಕೇಳಿ ವಹಿಸಿಕೊಳ್ಳಬಹುದು. ಅಲ್ಲಿಯ ಜನ ಇದನ್ನು ಕಾನೂನಿನ ನಂಬರಿನ ಮೇಲೆ ‘638’ ಎಂದೇ ಕರೆಯುತ್ತಾರೆ. 1988ರಲ್ಲಿ ಬಂದ ಇನ್ನೊಂದು ಕಾನೂನು ಶಾಲೆಗಳಿಗೆ ಇದನ್ನು ಇನ್ನಷ್ಟು ಸುಲಭ ಮಾಡಿತು. ಪ್ರತಿ ಖರ್ಚಿಗೂ ವಾಷಿಂಗ್ಟನ್ ಕಡೆ ನೋಡುವ ಬದಲು ಒಟ್ಟು ಅನುದಾನ ಪಡೆದು ತಾವೇ ಹಂಚಿಕೊಳ್ಳಬಹುದಾಯಿತು. ಕ್ವಾಲಾ ಬೌಂಡರಿಯ ಶಾಲೆಗಳು 1990ರಲ್ಲಿ ಬುಡಕಟ್ಟಿನ ಕೈಗೆ ಬಂದವು. ಆ ಮೊದಲ ವರ್ಷಗಳಲ್ಲಿ ಶಾಲೆಗಳ ಆಡಳಿತ ಹೊತ್ತವರು ಡುಗನ್.

ಅವರು ಓದಿದ್ದು ಅಲ್ಲೇ ಹತ್ತಿರದ ಕಲೋವೀಯಲ್ಲಿರುವ ವೆಸ್ಟರ್ನ್ ಕೆರೊಲೈನಾ ಯೂನಿವರ್ಸಿಟಿಯಲ್ಲಿ. ಡಿಗ್ರಿ, ಸ್ನಾತಕೋತ್ತರ ಎರಡೂ ಶಿಕ್ಷಣ ವಿಷಯದಲ್ಲೇ. ಆ ಕ್ಯಾಂಪಸ್ ಇರುವುದೇ ಒಂದು ಹಳೆಯ ಚೆರೋಕಿ ಊರಿನ ಮೇಲೆ. ಅಲ್ಲಿದ್ದ ಚೆರೋಕಿ ದಿಬ್ಬವನ್ನು 1950ರ ದಶಕದಲ್ಲಿ ಕಾಲೇಜು ಕಟ್ಟಡಕ್ಕಾಗಿ ಸಮ ಮಾಡಿಬಿಟ್ಟಿದ್ದರು. ಮುಂದೆ ಅದೇ ವಿಶ್ವವಿದ್ಯಾಲಯದ ಟ್ರಸ್ಟಿಗಳ ಮಂಡಳಿಯಲ್ಲಿ ಡುಗನ್ ಕೂತರು.

ಶಾಲೆ ಕೈಗೆ ಬಂದರೆ ಏನು ಬದಲಾಗುತ್ತದೆ? ಸುಮ್ನೆ ಬೋರ್ಡು ಬದಲಾಗುವುದಿಲ್ಲ. ಟೀಚರ್ ನೇಮಕ ಬುಡಕಟ್ಟಿನದು. ಚುನಾಯಿತ ಶಾಲಾ ಮಂಡಳಿಗೆ ಪೋಷಕರು ನೇರವಾಗಿ ಹೋಗಿ ಪ್ರಶ್ನೆ ಕೇಳಬಹುದು. ಚೆರೋಕಿ ಭಾಷೆ, ಚರಿತ್ರೆ, ಬುಟ್ಟಿ ಹೆಣಿಗೆ ಇವೆಲ್ಲ ಪಾಠದ ಒಳಗೆ ಬರಬಹುದು. ಬದಲಾಗದೆ ಉಳಿಯುವುದೂ ಇದೆ. ಮೂಲ ದುಡ್ಡು ಬರುವುದು ಅಮೆರಿಕದ ಸಂಸತ್ತು ಕೊಡುವ ಅನುದಾನದಿಂದ. ಆಡಳಿತ ಕೈಗೆ ಬಂದರೂ ಗಂಟಿನ ದಾರ ಇನ್ನೊಬ್ಬರ ಕೈಯಲ್ಲಿ. ಹಳೆಯ ಕಟ್ಟಡ ಸೋರಿದರೆ ಬೈಗುಳ ತಿನ್ನುವುದು ಬುಡಕಟ್ಟಿನ ಆಡಳಿತ, ರಿಪೇರಿಗೆ ಕಾಯಬೇಕಾದದ್ದು ವಾಷಿಂಗ್ಟನ್‌ನ ಸಾಲಿನಲ್ಲಿ. ದಿನಾ ಈ ಕೆಲಸ ಮಾಡಿದವರಿಗೆ ಸರ್ಕಾರ ಅಂದರೆ ಏನು ಅಂತ ಯಾರೂ ಬೇರೆ ಪಾಠ ಹೇಳಬೇಕಿಲ್ಲ.

1995ರ ಚುನಾವಣೆ ಬಂದಾಗ ಬುಡಕಟ್ಟಿನಲ್ಲಿ ಆಡಳಿತದ ಮೇಲೆ ನಂಬಿಕೆ ಕುಸಿದಿತ್ತು. ಅದಕ್ಕೆ ಮುಂಚೆ ಚೀಫ್ ಆಗಿದ್ದ ಜೊನಾಥನ್ ಟೇಲರ್ ಮೇಲೆ ಕೌನ್ಸಿಲ್ ಮಹಾಭಿಯೋಗ ನಡೆಸಿತ್ತು. ಜನ ಶಾಲೆಯ ಆಡಳಿತಗಾರ್ತಿಯ ಕಡೆ ನೋಡಿದರು. ಪ್ರತಿ ಮನೆಯ ಮಗುವೂ ಹಾದು ಹೋಗುವ ಜಾಗ ಶಾಲೆ. ಅಲ್ಲಿ ಲೆಕ್ಕ ಸರಿಯಾಗಿಟ್ಟವರನ್ನು ಊರು ಹತ್ತಿರದಿಂದ ನೋಡಿರುತ್ತದೆ. ಅಕ್ಟೋಬರ್‌ನಲ್ಲಿ ಅವರು ಅಧಿಕಾರಕ್ಕೆ ಬಂದರು.

ಕಾಕತಾಳೀಯವೋ ಏನೋ, ಅದೇ ವರ್ಷ ಓಕ್ಲಹೋಮದ ಚೆರೋಕಿ ನೇಷನ್‌ನಲ್ಲಿ ವಿಲ್ಮಾ ಮ್ಯಾನ್‌ಕಿಲ್ಲರ್ ಹತ್ತು ವರ್ಷ ಪ್ರಿನ್ಸಿಪಲ್ ಚೀಫ್ ಆಗಿದ್ದು ಇಳಿದರು. ಅವರು ಮೇಲೆ ಬಂದದ್ದು ಬೆಲ್ ಎಂಬ ಬಡ ಊರಿನ ಜನರನ್ನೇ ಕಟ್ಟಿಕೊಂಡು 16 ಮೈಲಿ ನೀರಿನ ಪೈಪು ಹಾಕಿಸಿದ ಕೆಲಸದಿಂದ. 1983ರಲ್ಲಿ ಡೆಪ್ಯುಟಿ ಚೀಫ್ ಹುದ್ದೆಗೆ ನಿಂತಾಗ, ಹೆಂಗಸು ಎಂಬ ಕಾರಣಕ್ಕೇ ಅವರು ಬಹಳ ವಿರೋಧ ಎದುರಿಸಬೇಕಾಯಿತು. ಚೆರೋಕಿಗಳಲ್ಲಿ ಈ ವಿರೋಧ ಹಳೆಯ ಪದ್ಧತಿ ಅಲ್ಲವೇ ಅಲ್ಲ. ಅವರ ಏಳು ಕುಲಗಳೂ ತಾಯಿಯ ಕಡೆಯಿಂದ ಬರುವಂಥವು. ಮನೆ, ಹೊಲ ಹೆಂಗಸರವು. ನ್ಯಾನ್ಸಿ ವಾರ್ಡ್ ಎಂದು ಇಂಗ್ಲಿಷಿನಲ್ಲಿ ಹೆಸರಾದ ನನ್ಯೆಹಿ 18ನೇ ಶತಮಾನದಲ್ಲಿ ಕೌನ್ಸಿಲ್‌ನಲ್ಲಿ ಕೂತು ಮಾತಾಡುತ್ತಿದ್ದರು. 1817ರಲ್ಲಿ ಹೆಂಗಸರು ಸೇರಿ ಇನ್ನು ನೆಲ ಬಿಟ್ಟುಕೊಡಬೇಡಿ ಎಂದು ಕೌನ್ಸಿಲ್‌ಗೆ ಮನವಿ ಕೊಟ್ಟರು. ಬಿಳಿಯರ ಸಂವಿಧಾನವನ್ನು ನೋಡಿ ಬರೆದ 1827ರ ಚೆರೋಕಿ ಸಂವಿಧಾನ ಅದೇ ಹೆಂಗಸರಿಗೆ ಮತದ ಹಕ್ಕು ಇಲ್ಲ ಎಂದಿತು. ಹಾಗಾಗಿ ಮ್ಯಾನ್‌ಕಿಲ್ಲರ್, ಡುಗನ್ ಇಬ್ಬರೂ ಕೂತದ್ದು ಹೊಸ ಜಾಗದಲ್ಲಲ್ಲ, ಹೆಂಗಸರಿಂದ ಕಿತ್ತುಕೊಂಡಿದ್ದ ಜಾಗದಲ್ಲಿ. ಆದರೆ ಈಸ್ಟರ್ನ್ ಬ್ಯಾಂಡ್‌ನಲ್ಲಿ ಡುಗನ್ ನಂತರ ಇನ್ನೊಬ್ಬ ಹೆಂಗಸು ಪ್ರಿನ್ಸಿಪಲ್ ಚೀಫ್ ಆಗಿಲ್ಲ. ಇದನ್ನು ಹೇಳದೆ ಬಿಟ್ಟರೆ ಚಿತ್ರ ತುಂಬಾ ಚಂದವಾಗಿಬಿಡುತ್ತದೆ.

ಡುಗನ್ ಅವರ ನಾಲ್ಕು ವರ್ಷದಲ್ಲಿ ಎರಡು ದೊಡ್ಡ ಕೆಲಸ ನಡೆದವು. ಮೊದಲನೆಯದು ಕಿಟುವಾ. ಬ್ರೈಸನ್ ಸಿಟಿ ಹತ್ತಿರ, ಟಕಸೀಜಿ ನದಿಯ ದಂಡೆಯಲ್ಲಿ ಒಂದು ತಗ್ಗಿದ ದಿಬ್ಬವಿದೆ. ಚೆರೋಕಿಗಳು ಅದನ್ನು ತಮ್ಮ ತಾಯಿಯೂರು ಎನ್ನುತ್ತಾರೆ. ತಮ್ಮನ್ನು ಕಿಟುವಾದ ಜನ ಎಂದೇ ಕರೆದುಕೊಳ್ಳುತ್ತಾರೆ. 19ನೇ ಶತಮಾನದಲ್ಲಿ ಕೈತಪ್ಪಿದ ಆ ನೆಲ ತಲೆಮಾರುಗಟ್ಟಲೆ ಬೇರೆಯವರ ಹೊಲವಾಗಿತ್ತು. ನೇಗಿಲು ಹೊಡೆದೂ ಹೊಡೆದೂ ದಿಬ್ಬ ತಗ್ಗಿತ್ತು. 1996ರಲ್ಲಿ ಬುಡಕಟ್ಟು ಅಲ್ಲಿಯ 309 ಎಕರೆಯನ್ನು ಕೊಂಡಿತು. ತಾಯಿಯೂರನ್ನು ದುಡ್ಡು ಕೊಟ್ಟು ಕೊಳ್ಳಬೇಕಾಗಿ ಬಂದದ್ದು ಎಷ್ಟು ಕಹಿಯೋ, ಕೊಂಡದ್ದು ಅಷ್ಟೇ ಸರಿ. ಹತ್ತು ಹದಿನೈದು ವರ್ಷಗಳ ನಂತರ ಅದರ ಎದುರಿಗೇ ಡ್ಯೂಕ್ ಎನರ್ಜಿ ಕಂಪನಿ ವಿದ್ಯುತ್ ಸಬ್‌ಸ್ಟೇಷನ್ ಕಟ್ಟಲು ಹೊರಟಾಗ ಬುಡಕಟ್ಟು ಎದ್ದು ನಿಂತಿತು. ಕಂಪನಿ ಜಾಗ ಬದಲಿಸಲು ಒಪ್ಪಿತು. ನೆಲ ತಮ್ಮದಾಗಿದ್ದರಿಂದಲೇ ಅವರ ಮಾತಿಗೆ ಆ ತೂಕ ಬಂದದ್ದು ಎಂದು ನನಗನ್ನಿಸುತ್ತದೆ.

ಎರಡನೆಯದು ಕ್ಯಾಸಿನೊ. ರಾಜ್ಯದ ಜೊತೆಗಿನ ಒಪ್ಪಂದ ಅವರ ಮುಂಚೆಯೇ ಆಗಿತ್ತು. ಹ್ಯಾರಾಸ್ ಚೆರೋಕಿ ಕ್ಯಾಸಿನೊ ಬಾಗಿಲು ತೆರೆದದ್ದು 1997ರ ನವೆಂಬರ್‌ನಲ್ಲಿ, ಅವರ ಕಾಲದಲ್ಲಿ. ಜೂಜಿನ ದುಡ್ಡು ಎಂದು ಮೂಗು ಮುರಿಯುವವರು ಒಂದು ವಿಷಯ ತಿಳಿದಿರಲಿ. ಲಾಭದ ಅರ್ಧ ಬುಡಕಟ್ಟಿನ ಸರ್ಕಾರಕ್ಕೆ, ಇನ್ನರ್ಧ ಸದಸ್ಯರೆಲ್ಲರಿಗೆ ಸಮನಾಗಿ. ಮಕ್ಕಳ ಪಾಲು ಟ್ರಸ್ಟ್‌ನಲ್ಲಿ ಕೂರುತ್ತದೆ. ಹೈಸ್ಕೂಲ್ ಮುಗಿಸಿದವರಿಗೆ 18ಕ್ಕೆ, ಮುಗಿಸದವರಿಗೆ 21ಕ್ಕೆ ಎಂಬುದು ಬಹಳ ಕಾಲ ನಡೆದ ನಿಯಮ. ಆಮೇಲೆ ಅದನ್ನು ಕಂತುಗಳಲ್ಲಿ ಕೊಡುವಂತೆ ಮಾಡಿದರು. ಹದಿನೆಂಟರ ಹುಡುಗರ ಕೈಗೆ ಒಂದೇ ಸಲ ದೊಡ್ಡ ಮೊತ್ತ ಬಿದ್ದರೆ ಏನಾಗುತ್ತದೆ ಎಂದು ಅಷ್ಟರಲ್ಲಿ ಎಲ್ಲರೂ ನೋಡಿದ್ದರು. ದುಡ್ಡು ಬೇಕಾದರೆ ಹೈಸ್ಕೂಲ್ ಮುಗಿಸು ಎಂಬ ಒಂದು ಸಾಲು ಎಷ್ಟೋ ಭಾಷಣಗಳಿಗಿಂತ ಜಾಸ್ತಿ ಕೆಲಸ ಮಾಡಬಲ್ಲದು.

ಈ ದುಡ್ಡು ಮಕ್ಕಳಿಗೆ ಏನು ಮಾಡಿತು ಎಂಬುದಕ್ಕೆ ಅಪರೂಪದ ಸಾಕ್ಷಿ ಇದೆ. ಸಂಶೋಧಕಿ ಜೇನ್ ಕಾಸ್ಟೆಲೊ ಮತ್ತು ಅವರ ಜೊತೆಗಾರರು 1993ರಿಂದಲೇ ಅದೇ ಪ್ರದೇಶದ 1,420 ಮಕ್ಕಳ ಮನಸ್ಸಿನ ಆರೋಗ್ಯವನ್ನು ವರ್ಷ ವರ್ಷ ನೋಡುತ್ತಿದ್ದರು. ಅದರಲ್ಲಿ ಸುಮಾರು ಕಾಲು ಭಾಗ ಮೂಲನಿವಾಸಿ ಮಕ್ಕಳು. ಅಧ್ಯಯನದ ನಡುವೆ ಕ್ಯಾಸಿನೊ ಬಂತು. ಬಡತನದಿಂದ ಮೇಲೆ ಬಂದ ಮನೆಗಳ ಮಕ್ಕಳಲ್ಲಿ ಜಗಳಗಂಟಿತನ, ಹಟ, ಹೊಡೆದಾಟದಂಥ ತೊಂದರೆಗಳು ಇಳಿದು, ಮೊದಲಿನಿಂದ ಬಡತನವಿಲ್ಲದ ಮಕ್ಕಳ ಮಟ್ಟಕ್ಕೆ ಬಂದವು. ಇದು ಪ್ರಕಟವಾದದ್ದು 2003ರಲ್ಲಿ. ಅರ್ಥಶಾಸ್ತ್ರಜ್ಞ ರ‍್ಯಾಂಡಲ್ ಅಕೀ ಮತ್ತು ಇತರರು 2010ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ತೀರಾ ಬಡ ಮನೆಗಳಿಗೆ ವರ್ಷಕ್ಕೆ ಸುಮಾರು 4,000 ಡಾಲರ್ ಹೆಚ್ಚಿಗೆ ಬಂದಾಗ ಆ ಮಕ್ಕಳು 21ರ ಹೊತ್ತಿಗೆ ಒಂದು ವರ್ಷ ಜಾಸ್ತಿ ಓದಿದ್ದರು. ಮನೆಯ ಬಡತನವನ್ನು ಮುಟ್ಟದೆ ಶಾಲೆಯನ್ನು ಮಾತ್ರ ಸರಿಮಾಡುತ್ತೇವೆ ಅನ್ನುವ ನೀತಿಗಳು ಎಲ್ಲಿ ಸೋಲುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ನಾನು ಕಂಡಿಲ್ಲ.

1999ರಲ್ಲಿ ಡುಗನ್ ಲಿಯಾನ್ ಜೋನ್ಸ್ ಎದುರು ಸೋತರು. ಕೆಲವು ಕಾಲ ಕ್ಯಾಸಿನೊ ಆಡಳಿತದಲ್ಲಿ ಕೆಲಸ ಮಾಡಿದರು. ಆಮೇಲೆ ಚೆರೋಕಿ ಸೆಂಟ್ರಲ್ ಸ್ಕೂಲ್ಸ್‌ನ ಸೂಪರಿಂಟೆಂಡೆಂಟ್ ಆಗಿ ಹಿಂದಿರುಗಿದರು. ಅವರ ಬಗ್ಗೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡದು. ರಾಜ್ಯಪಾಲರ ಜೊತೆ, ಸಂಸದರ ಜೊತೆ ಸಮಸಮ ಕೂತು ಮಾತಾಡಿದ ಹುದ್ದೆ ಬಿಟ್ಟ ಮೇಲೆ, ಮತ್ತೆ ಬಸ್ ರೂಟು, ಹಾಜರಾತಿ, ಟೀಚರ್ ರಜೆ ನೋಡುವ ಕೆಲಸಕ್ಕೆ ಎಷ್ಟು ಜನ ಹಿಂದಿರುಗುತ್ತಾರೆ?

ಆ ಎರಡನೇ ಸುತ್ತಿನಲ್ಲೇ ಹೊಸ ಕ್ಯಾಂಪಸ್ ಎದ್ದು ನಿಂತಿತು. ಅದಕ್ಕೆ ಬೇಕಾದ ಸಮತಟ್ಟು ಜಾಗ ಕ್ವಾಲಾದಲ್ಲಿ ಕಷ್ಟ, ಎಲ್ಲ ಬೆಟ್ಟ. ರೇವನ್ಸ್‌ಫರ್ಡ್ ಎಂಬ ಜಾಗ ಇತ್ತು, ಆದರೆ ಅದು ನ್ಯಾಷನಲ್ ಪಾರ್ಕ್ ಒಳಗೆ. ಬುಡಕಟ್ಟು ಬೇರೆ ಕಡೆ 218 ಎಕರೆ ಬೆಟ್ಟದ ನೆಲ ಕೊಟ್ಟು ಇಲ್ಲಿ 143 ಎಕರೆ ಪಡೆಯಿತು. ಪಾರ್ಕಿನ ನೆಲ ಬಿಟ್ಟುಕೊಡಬಾರದು ಎಂದು ಪರಿಸರ ಸಂಘಟನೆಗಳು ವಿರೋಧಿಸಿದವು. 2003ರಲ್ಲಿ ಅಮೆರಿಕದ ಸಂಸತ್ತೇ ಕಾನೂನು ಮಾಡಿ ಒಪ್ಪಿಗೆ ಕೊಡಬೇಕಾಯಿತು. 2009ರಲ್ಲಿ ಶಾಲೆ ತೆರೆಯಿತು. ಕಿಂಡರ್‌ಗಾರ್ಟನ್ ಮಗುವಿನಿಂದ ಹೈಸ್ಕೂಲಿನವರೆಗೆ ಎಲ್ಲರೂ ಒಂದೇ ಕಡೆ. ಕಟ್ಟಿದ್ದು ಬುಡಕಟ್ಟಿನ ದುಡ್ಡಿನಿಂದ. ವಾಷಿಂಗ್ಟನ್‌ನ ಸಾಲಿನಲ್ಲಿ ಕಾದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಬೇರೆ ಬುಡಕಟ್ಟುಗಳ ಸೋರುವ, ಬಿರುಕು ಬಿಟ್ಟ ಶಾಲೆಗಳನ್ನು ನೋಡಬಹುದು.

ಈಗಿನ ವಾದಕ್ಕೆ ಬರೋಣ. ಇಂಟೀರಿಯರ್ ಇಲಾಖೆಯಲ್ಲೇ ಬ್ಯೂರೊ ಆಫ್ ಇಂಡಿಯನ್ ಎಜುಕೇಷನ್ ಇದೆಯಲ್ಲ, ಎಲ್ಲ ಒಂದೇ ಸೂರಿನಡಿ ಬಂದರೆ ಒಳ್ಳೆಯದೇ ಅಲ್ವಾ ಎಂದು ಬೆಂಬಲಿಗರು ಕೇಳುತ್ತಾರೆ. ಆ ಬ್ಯೂರೊ ದುಡ್ಡು ಕೊಡುವ ಶಾಲೆಗಳು 183. ಮೂರರಲ್ಲಿ ಎರಡು ಪಾಲನ್ನು ಬುಡಕಟ್ಟುಗಳೇ ನಡೆಸುತ್ತವೆ. ಆದರೆ ಮೂಲನಿವಾಸಿ ಮಕ್ಕಳಲ್ಲಿ 90 ಶೇಕಡಕ್ಕಿಂತ ಹೆಚ್ಚು ಜನ ಓದುವುದು ಇವುಗಳಲ್ಲಲ್ಲ, ರಾಜ್ಯಗಳ ಸಾಮಾನ್ಯ ಸರ್ಕಾರಿ ಶಾಲೆಗಳಲ್ಲಿ. ಅಲ್ಲಿಗೆ ದುಡ್ಡು ಮತ್ತು ಮಾರ್ಗದರ್ಶನ ಹೋಗುತ್ತಿದ್ದದ್ದು ಶಿಕ್ಷಣ ಇಲಾಖೆಯಿಂದ. ನೆಲ, ಗಣಿ, ಕಾಡು ನೋಡಿಕೊಳ್ಳುವ ಇಲಾಖೆಗೆ ಐವತ್ತು ರಾಜ್ಯಗಳ ಶಾಲೆಗಳ ಜೊತೆ ವ್ಯವಹರಿಸಿ ಅಭ್ಯಾಸವಿಲ್ಲ. ಅದರ ಕೈಯಲ್ಲಿರುವ ಶಾಲೆಗಳ ನಿರ್ವಹಣೆಯನ್ನೇ ಸರ್ಕಾರದ ಲೆಕ್ಕಪರಿಶೋಧಕರು 2017ರಲ್ಲಿ ‘ಹೆಚ್ಚು ಅಪಾಯ’ದ ಪಟ್ಟಿಗೆ ಸೇರಿಸಿದ್ದರು.

ಇನ್ನೊಂದು ವಾದ ಇನ್ನೂ ನೇರ. ಕ್ಯಾಸಿನೊ ಇರುವ ಬುಡಕಟ್ಟುಗಳು ತಮ್ಮ ಶಾಲೆಗೆ ತಾವೇ ದುಡ್ಡು ಹಾಕಿಕೊಳ್ಳಲಿ. ಇದು ಅನ್ಯಾಯದ ಮಾತು. ಮೂಲನಿವಾಸಿಗಳ ಓದಿನ ಖರ್ಚು ಅಮೆರಿಕ ಸರ್ಕಾರ ದಯೆಯಿಂದ ಕೊಡುವುದಲ್ಲ. ನೆಲ ಪಡೆದುಕೊಳ್ಳುವಾಗ ಒಪ್ಪಂದಗಳಲ್ಲಿ, ಕಾನೂನುಗಳಲ್ಲಿ ತಾನೇ ಹೊತ್ತ ಹೊಣೆ. ಅಲ್ಲದೆ ಪ್ರವಾಸಿಗಳು ತುಂಬಿ ಬರುವ ರಸ್ತೆಯ ಬದಿಯಲ್ಲಿ ಎಲ್ಲ ಬುಡಕಟ್ಟುಗಳೂ ಇಲ್ಲ. ಸೌತ್ ಡಕೋಟದ ಬಯಲಿನಲ್ಲಿ, ಅರಿಜೋನದ ಒಳನಾಡಿನಲ್ಲಿ ಕ್ಯಾಸಿನೊ ಇದ್ದರೂ ಅದು ಶಾಲೆ ಕಟ್ಟುವಷ್ಟು ದುಡಿಯುವುದಿಲ್ಲ. ಚೆರೋಕಿಗಳ ಗೆಲುವನ್ನು ಹಿಡಿದು ಉಳಿದವರ ಅನುದಾನ ಕತ್ತರಿಸುವುದು ಡುಗನ್ ಅವರ ಕೆಲಸವನ್ನು ತಲೆಕೆಳಗು ಓದಿದ ಹಾಗೆ.

ಚೆರೋಕಿಗಳಿಗೂ ದುಡ್ಡಿನಿಂದ ಬಗೆಹರಿಯದ ಒಂದು ತೊಂದರೆ ಇದೆ. ಭಾಷೆ. 2019ರಲ್ಲಿ ಮೂರು ಚೆರೋಕಿ ಸರ್ಕಾರಗಳೂ (ಈಸ್ಟರ್ನ್ ಬ್ಯಾಂಡ್, ಓಕ್ಲಹೋಮದ ಚೆರೋಕಿ ನೇಷನ್, ಅಲ್ಲಿಯದೇ ಯುನೈಟೆಡ್ ಕಿಟೂವಾ ಬ್ಯಾಂಡ್) ಸೇರಿ ಭಾಷೆಯ ತುರ್ತು ಪರಿಸ್ಥಿತಿ ಘೋಷಿಸಿದವು. ಆಗ ಓಕ್ಲಹೋಮದಲ್ಲಿ ಸರಾಗವಾಗಿ ಮಾತಾಡುವವರು ಸುಮಾರು 2,000, ಪೂರ್ವದಲ್ಲಿ ಸುಮಾರು 200. ಹೆಚ್ಚಿನವರು ವಯಸ್ಸಾದವರು. ಕ್ವಾಲಾದಲ್ಲಿ ನ್ಯೂ ಕಿಟುವಾ ಅಕಾಡೆಮಿ ಎಂಬ ಶಾಲೆ ಪುಟ್ಟ ಮಕ್ಕಳಿಗೆ ಪೂರ್ತಿ ಚೆರೋಕಿಯಲ್ಲೇ ಪಾಠ ಮಾಡುತ್ತದೆ. ಇಲ್ಲಿ ಕಟ್ಟಡಕ್ಕಿಂತ ಕೊರತೆ ಇರುವುದು ಟೀಚರುಗಳದ್ದು. ಭಾಷೆ ಚೆನ್ನಾಗಿ ಬಲ್ಲ ಅಜ್ಜಿಗೆ ಪಾಠ ಮಾಡುವ ತರಬೇತಿ ಇಲ್ಲ, ತರಬೇತಿ ಇರುವ ಮೊಮ್ಮಗಳಿಗೆ ಭಾಷೆ ಪೂರ್ತಿ ಬರುವುದಿಲ್ಲ. ಇಬ್ಬರನ್ನೂ ಒಂದೇ ತರಗತಿಯಲ್ಲಿ ಕೂರಿಸಿ, ಮೊಮ್ಮಗಳು ಕಲಿಯುವವರೆಗೆ ಇಬ್ಬರಿಗೂ ಸಂಬಳ ಕೊಡಬೇಕು. ಅದಕ್ಕೆ ವರ್ಷಗಳು ಬೇಕು. ವಾಷಿಂಗ್ಟನ್‌ನಲ್ಲಿ ಕಡತಗಳು ಹೊಸ ಇಲಾಖೆಗೆ ಹೋಗಿ, ಹೊಸ ಅಧಿಕಾರಿಗಳು ಅವನ್ನು ಓದಿ ಅರ್ಥ ಮಾಡಿಕೊಳ್ಳಲೂ ವರ್ಷಗಳು ಬೇಕು. ಸಣ್ಣ ಬುಡಕಟ್ಟುಗಳಲ್ಲಿ ಅಷ್ಟು ದಿನ ಆ ಅಜ್ಜಿಯ ಸಂಬಳ ಯಾರು ಕೊಡುತ್ತಾರೆ ಎಂಬುದಕ್ಕೆ 2025ರ ಒಪ್ಪಂದದಲ್ಲಿ ಉತ್ತರವಿಲ್ಲ.